ಸಣ್ಣದಾಗಿ ಶುರು ಮಾಡೋಣ: ನಂಬಿಕೆ ಮತ್ತು ಆರೋಗ್ಯದ ಅಭ್ಯಾಸಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ನಮ್ಮ ಚರ್ಚಿನ ಅಂಗಳದಲ್ಲಿ ತಿಂಗಳಿಗೊಂದು ಭಾನುವಾರ, ಪೂಜೆ ಮುಗಿದ ಮೇಲೆ, ಬಿಪಿ ಮತ್ತು ಶುಗರ್ ನೋಡಲು ಒಂದು ಮೇಜು ಹಾಕುತ್ತೇವೆ. ನಾನು ನರ್ಸ್ ಕೆಲಸದಿಂದ ನಿವೃತ್ತಳಾದವಳು. ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಲೇ ಜನ ಪ್ರಶ್ನೆ ಶುರು ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕಥೊಲಿಕ ಮನೆಗಳನ್ನು ಮನಸ್ಸಲ್ಲಿಟ್ಟು ಬರೆದದ್ದು, ಆದರೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಬೇರೆ ಸಭೆಗಳವರಿಗೂ ಬಹಳಷ್ಟು ಹೊಂದುತ್ತದೆ. ಮಾತ್ರೆ, ಡೋಸ್ ವಿಷಯ ಬಂದಾಗ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆ.

ಆತ್ಮ ಮುಖ್ಯ ಅಲ್ವಾ? ದೇವರನ್ನು ನಂಬುವವರಿಗೆ ದೇಹದ ಚಿಂತೆ ಯಾಕೆ?

ಹಳೇ ಒಡಂಬಡಿಕೆಯಲ್ಲಿ ಅರಸುಗಳ ಮೊದಲನೇ ಗ್ರಂಥ, 19ನೇ ಅಧ್ಯಾಯ ಓದಿ. ಪ್ರವಾದಿ ಎಲೀಯ ಓಡಿ ಓಡಿ ಸುಸ್ತಾಗಿ, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೊಂಡುಬಿಡು ಎಂದು ಗಿಡದ ಕೆಳಗೆ ಮಲಗುತ್ತಾನೆ. ಅಲ್ಲಿಗೆ ಬಂದ ದೇವದೂತ ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು ಇಟ್ಟು, ಎದ್ದು ತಿನ್ನು ಅನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಆಮೇಲಷ್ಟೇ ಹೋರೇಬ್ ಬೆಟ್ಟದ ದಾರಿ. ನಿದ್ದೆ, ನೀರು, ಊಟ ಆದ ಮೇಲೆ ದೇವರ ಮಾತು.

ದೇಹ ಪವಿತ್ರಾತ್ಮರ ಆಲಯ ಎಂಬ ಸಂತ ಪೌಲರ ಮಾತನ್ನು (1 ಕೊರಿಂಥ 6:19) ಎಲ್ಲರೂ ಎತ್ತಿ ಆಡುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ಪೌಲರು ಮಾತಾಡುತ್ತಿದ್ದದ್ದು ವ್ಯಭಿಚಾರದ ಬಗ್ಗೆ, ಕೊಲೆಸ್ಟರಾಲ್ ಬಗ್ಗೆ ಅಲ್ಲ. ಆದರೂ ಅವರ ಕಾರಣ ನಮಗೂ ಸಲ್ಲುತ್ತದೆ: ಈ ದೇಹ ನನ್ನ ಸ್ವಂತ ಆಸ್ತಿಯಲ್ಲ, ನೋಡಿಕೊಳ್ಳಲು ಕೊಟ್ಟದ್ದು. ಸಪೂರ ಕಾಣುವುದು, ಹತ್ತು ವರ್ಷ ಚಿಕ್ಕವರಂತೆ ಕಾಣುವುದು, ಆ ಗೀಳು ಬೇರೆ. ಅದರ ವಿಚಾರ ಇಲ್ಲಿಲ್ಲ.

ಪ್ರತಿ ತಪಸ್ಸುಕಾಲಕ್ಕೆ (ಈಸ್ಟರಿಗೆ ಮೊದಲಿನ 40 ದಿನ) ದೊಡ್ಡ ನಿರ್ಧಾರ ಮಾಡುತ್ತೇನೆ. ಎರಡು ವಾರದಲ್ಲಿ ಮುಗಿದುಹೋಗುತ್ತದೆ. ನನ್ನ ನಂಬಿಕೆಯೇ ಕಡಿಮೆಯಾ?

ನಂಬಿಕೆ ಕಡಿಮೆಯಲ್ಲ, ನಿರ್ಧಾರ ಜಾಸ್ತಿಯಾಯಿತು. ಬೂದಿ ಬುಧವಾರ ಹಣೆಗೆ ಬೂದಿ ಬಿದ್ದ ಕೂಡಲೇ ಸಕ್ಕರೆ ಬಂದ್, ಮಾಂಸ ಬಂದ್, ದಿನಾ ಒಂದು ಗಂಟೆ ವಾಕಿಂಗ್, ಐದಕ್ಕೆ ಏಳುವುದು, ಎಲ್ಲ ಒಟ್ಟಿಗೆ. ಉತ್ಸಾಹ ಇರುವ ದಿನ ಎಲ್ಲ ಸಾಧ್ಯ ಅನಿಸುತ್ತದೆ. ಮಗುವಿಗೆ ಜ್ವರ ಬಂದ ದಿನ, ಕೈಗಾದಲ್ಲಿ ನೈಟ್ ಶಿಫ್ಟ್ ಬಿದ್ದ ದಿನ ಏನು ಸಾಧ್ಯ ಅನ್ನುವುದೇ ನಿಜವಾದ ಅಳತೆ.

ಮರುಭೂಮಿಯಲ್ಲಿ ಮನ್ನ ಎಂಬ ಆಹಾರ ಸುರಿದ ಕಥೆ (ವಿಮೋಚನಕಾಂಡ 16) ನನಗೆ ಇಲ್ಲಿ ತುಂಬ ಉಪಯೋಗಕ್ಕೆ ಬಂದಿದೆ. ದಿನಕ್ಕೆ ಬೇಕಾದಷ್ಟು ಮಾತ್ರ ಬಾಚಿಕೊಳ್ಳಿ ಎಂದು ಅಪ್ಪಣೆ. ನಾಳೆಗೂ ಇರಲಿ ಎಂದು ಕೂಡಿಟ್ಟವರ ಮನ್ನ ಹುಳ ಬಿದ್ದು ನಾರಿತು. ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡು ಪಾಲು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಅನುದಿನದ ಆಹಾರವನ್ನೇ. ಒಂದು ಭಾನುವಾರ ಮೂರು ಗಂಟೆ ನಡೆದು ವಾರದ ಲೆಕ್ಕ ತೀರಿಸುತ್ತೇನೆ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಕೆಲವರು ಮರುದಿನ ಹತ್ತು ನಿಮಿಷ ನಡೆಯುತ್ತಾರೆ.

ಹಾಗಾದರೆ ಎಷ್ಟು ಸಣ್ಣದರಿಂದ ಶುರು ಮಾಡಬೇಕು?

ಯಾರಿಗಾದರೂ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದರಿಂದ.

ಇನ್ನೊಂದು ಮಾತು: ಹೊಸ ಅಭ್ಯಾಸವನ್ನು ಗಡಿಯಾರಕ್ಕೆ ಕಟ್ಟಬೇಡಿ, ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಿ. ಈ ವಿಷಯದಲ್ಲಿ ನಾವು ಪುಣ್ಯವಂತರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತ್ರಿಕಾಲ ಪ್ರಾರ್ಥನೆಯ ಗಂಟೆ ಇದೆ. ಊಟಕ್ಕೆ ಮೊದಲು ಶಿಲುಬೆ ಗುರುತು ಇದೆ. ರಾತ್ರಿ ಜಪಸರ ಇದೆ, ಭಾನುವಾರ ಪೂಜೆ ಇದೆ. ಎಲ್ಲವೂ ಅಜ್ಜಿಯ ಕಾಲದಿಂದ ನಡೆದು ಬಂದದ್ದು, ಜ್ಞಾಪಿಸಲು ಫೋನು ಬೇಕಿಲ್ಲ.

ನನ್ನ ಪರಿಚಯದ ಒಬ್ಬರು ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಮೊದಲು ಒಂದು ಲೋಟ ನೀರು ಕುಡಿಯುತ್ತಾರೆ, ಅಷ್ಟೇ. ಊಟದ ಪ್ರಾರ್ಥನೆ ಮುಗಿಸಿ ತಟ್ಟೆಯನ್ನೊಮ್ಮೆ ನೋಡುವವರಿದ್ದಾರೆ: ಅನ್ನ, ಮೀನು ಸಾರು, ಹುರಿದ ಮೀನು, ಸರಿ, ತರಕಾರಿ ಎಲ್ಲಿ? ಇಲ್ಲದಿದ್ದರೆ ಎದ್ದು ಹೋಗಿ ಒಂದು ಸೌತೆಕಾಯಿ ಹೆಚ್ಚಿಕೊಂಡು ಬರುತ್ತಾರೆ. ಇನ್ನೊಂದು ಮನೆಯಲ್ಲಿ ಜಪಸರ ಮುಗಿದ ತಕ್ಷಣ ಎಲ್ಲರ ಫೋನುಗಳೂ ಆಲ್ತಾರಿನ ಪಕ್ಕದ ಸ್ಟೂಲಿನ ಮೇಲೆ ಚಾರ್ಜಿಗೆ. ಮಕ್ಕಳು ಮೊದಮೊದಲು ಗಲಾಟೆ ಮಾಡಿದವಂತೆ. ಈಗ ಅಪ್ಪ ಮರೆತರೆ ಮಕ್ಕಳೇ ಗದರುತ್ತವೆ.

ಒಂದು ಸಲಕ್ಕೆ ಒಂದೇ. ಅದು ಮೈಗೆ ಹತ್ತಿದ ಮೇಲೆ ಸ್ವಲ್ಪ ಬೆಳೆಸಿ. ಹತ್ತು ನಿಮಿಷದ ನಡಿಗೆ ಹದಿನೈದಾಗಲಿ, ಆಮೇಲೆ ಮೂವತ್ತು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಗೆ ಮುಟ್ಟಲು ಕೆಲವು ತಿಂಗಳು ಹಿಡಿದರೆ ಏನೂ ಹೋಗುವುದಿಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದಂತೆ. ಹೌದಾ?

ವಾಟ್ಸ್‌ಆ್ಯಪ್‌ನಲ್ಲಿ ಬರುವ ಮಾತು ಅದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಒಂದು ಕೆಲಸ ತಂತಾನೇ ಆಗುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು ಬಂತು. ತಪಸ್ಸುಕಾಲದ 40 ದಿನ ಒಳ್ಳೆಯ ಶುರು, ಅಷ್ಟೇ. ಪಾಸ್ಕ (ಈಸ್ಟರ್) ಹಬ್ಬದ ಮರುದಿನವೇ ನಿಲ್ಲಿಸಿಬಿಟ್ಟರೆ ಅರ್ಧ ದಾರಿಯಲ್ಲಿ ಇಳಿದ ಹಾಗೆ. ಪಾಸ್ಕ ಕಾಲಕ್ಕೂ 50 ದಿನ ಇದೆ, ಪವಿತ್ರಾತ್ಮರ ಹಬ್ಬದವರೆಗೆ. ಎರಡನ್ನೂ ಸೇರಿಸಿ ಯೋಚಿಸಿ.

ನಡುವೆ ತಪ್ಪಿಹೋದರೆ? ಮತ್ತೆ ಒಂದರಿಂದ ಎಣಿಸಬೇಕಾ?

ಬೇಡ. ಅದೇ ಅಧ್ಯಯನದಲ್ಲಿ ಕಂಡದ್ದು: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ದೊಡ್ಡ ಅಡ್ಡಿ ಆಗಲಿಲ್ಲ.

ಆದರೆ ನಮ್ಮ ಜನಕ್ಕೆ ಅಂಕಿಗಿಂತ ಅಪರಾಧಿ ಭಾವನೆಯೇ ದೊಡ್ಡ ತೊಂದರೆ. ಒಂದು ಮದುವೆಯಲ್ಲಿ ಜಾಸ್ತಿ ತಿಂದರೆ, ಅಯ್ಯೋ ಎಲ್ಲ ಹಾಳಾಯಿತು, ಇನ್ನು ಮುಂದಿನ ವರ್ಷ ನೋಡೋಣ ಎಂದು ಕೈಬಿಡುತ್ತಾರೆ. ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಉಪಾಯ ಇದೆ. ಡಿಸೆಂಬರ್ 3ರ ಹಬ್ಬಕ್ಕೆ ಚಂದಾವರಕ್ಕೆ ಹೋಗುವ ಎಲ್ಲರಿಗೂ ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೊತ್ತು. ಅವರ ಗೆಳೆಯ, ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ, ದಿನದ ಆತ್ಮಪರಿಶೋಧನೆಗೆ ಒಂದು ವಿಧಾನ ಬರೆದಿಟ್ಟರು. ಪೋಪ್ ಮೂರನೇ ಪೌಲ್ ಅದಕ್ಕೆ 1548ರಲ್ಲಿ ಒಪ್ಪಿಗೆ ಕೊಟ್ಟರು. ಅದು ಹೀಗಿದೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ತಪ್ಪು ಆರಿಸಿ. ಬೆಳಿಗ್ಗೆ ಏಳುವಾಗ ಅದನ್ನು ನೆನೆಯಿರಿ. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ, ಎಷ್ಟು ಸಲ ಜಾರಿದೆ ಎಂದು ನೋಡಿ, ಕಾಗದದ ಗೆರೆಯ ಮೇಲೆ ಅಷ್ಟು ಚುಕ್ಕಿ ಇಡಿ. ದಿನಕ್ಕೆ ಎರಡು ಗೆರೆ. ಭಾನುವಾರದ ಗೆರೆ ಉದ್ದ, ಸೋಮವಾರದ್ದು ಸ್ವಲ್ಪ ಗಿಡ್ಡ, ಹಾಗೇ ಶನಿವಾರದವರೆಗೆ ಗಿಡ್ಡವಾಗುತ್ತ ಹೋಗುತ್ತದೆ. ಜಾರಿದ ಕ್ಷಣದಲ್ಲೇ ಎದೆಯ ಮೇಲೊಮ್ಮೆ ಕೈ ಇಡಿ. ಪಕ್ಕದಲ್ಲಿದ್ದವರಿಗೆ ಗೊತ್ತೂ ಆಗುವುದಿಲ್ಲ.

ಈಗಿನ ಆ್ಯಪ್‌ಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಒಂದು ವ್ಯತ್ಯಾಸ ನನಗೆ ಇಷ್ಟ. ಆ್ಯಪ್ ನೀವು ಬಿಡದೆ ಮಾಡಿದ ದಿನಗಳನ್ನು ಎಣಿಸುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆಗೆ ತಳ್ಳುತ್ತದೆ. ಇಗ್ನೇಷಿಯಸರ ಕಾಗದದಲ್ಲಿ ಸೊನ್ನೆ ಇಲ್ಲ. ಚುಕ್ಕಿ ಬಿದ್ದೇ ಬೀಳುತ್ತದೆ ಅಂತ ಗೊತ್ತಿದ್ದೇ ಅವರು ಗೆರೆ ಎಳೆದರು. ಈ ವಾರದ ಚುಕ್ಕಿ ಹೋದ ವಾರಕ್ಕಿಂತ ಕಡಿಮೆಯಾ, ಅಷ್ಟು ನೋಡಿದರಾಯಿತು. ಚರ್ಚಿನ ಕ್ಯಾಲೆಂಡರ್ ಅಡುಗೆಮನೆಯಲ್ಲಿ ತೂಗುತ್ತಿರುತ್ತದಲ್ಲ, ಅದರ ಚೌಕಗಳಲ್ಲೇ ಪೆನ್ಸಿಲಿನಿಂದ ಮಾಡಬಹುದು.

ನಡೆಯುತ್ತಾ ಜಪಸರ ಹೇಳಿದರೆ ದೇವರಿಗೆ ಅಗೌರವವಲ್ಲವಾ?

ಮೆರವಣಿಗೆಯಲ್ಲಿ ಹೇಳುವುದಿಲ್ಲವಾ? ಜಪಸರದ ಐದು ರಹಸ್ಯ, ಅಂದರೆ ಐದು ಭಾಗ, ಮುಗಿಯಲು ಹದಿನೈದು, ಇಪ್ಪತ್ತು ನಿಮಿಷ ಬೇಕು. ಒಂದು ನಡಿಗೆಗೆ ಅಳತೆ ಮಾಡಿ ಕೊಟ್ಟ ಹಾಗಿದೆ. ಟಾಗೋರ್ ಬೀಚಿನಲ್ಲಿ ಸಂಜೆ ಹೊತ್ತು ನೀರಂಚಿನ ಗಟ್ಟಿ ಮರಳಿನ ಮೇಲೆ ನಡೆಯಿರಿ, ಮೆದು ಮರಳಲ್ಲಿ ಮೊಣಕಾಲು ನೋಯುತ್ತದೆ. ಜಪಸರ ಬೆರಳಿನ ಉಂಗುರದಂಥದ್ದು ಸಿಗುತ್ತದೆ, ಅದಾದರೆ ಬೀಳುವ ಹೆದರಿಕೆ ಇಲ್ಲ. ರಸ್ತೆಯ ಬದಿ ನಡೆಯುವವರು ದಯವಿಟ್ಟು ಕಣ್ಣು ಮುಚ್ಚಬೇಡಿ, ಹೈವೇ ಲಾರಿಗಳಿಗೆ ಭಕ್ತಿ ಗೊತ್ತಿಲ್ಲ.

ಮೀನು ಬುಟ್ಟಿ ಹೊತ್ತು ಮನೆ ಮನೆ ತಿರುಗುವ ಹೆಂಗಸರಿಗೆ, ಹಳಿಯಾಳ, ಯಲ್ಲಾಪುರ ಕಡೆ ಗದ್ದೆ, ಕಾಡು ಎಂದು ದಿನವಿಡೀ ದುಡಿಯುವ ಸಿದ್ದಿ ಬಂಧುಗಳಿಗೆ ವಾಕಿಂಗ್ ಮಾಡಿ ಅನ್ನುವುದು ತಮಾಷೆಯಾಗುತ್ತದೆ. ಅಂಥವರಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಊಟ, ಕೂತು ತಿನ್ನುವ ಹತ್ತು ನಿಮಿಷ, ರಾತ್ರಿ ನಿದ್ದೆ.

ಜೂನ್ ಬಂತೆಂದರೆ ನಡಿಗೆ ನಿಲ್ಲುತ್ತದೆ. ಏನು ಮಾಡುವುದು?

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಷ್ಟು ದಿನ ಅಭ್ಯಾಸ ಬಿಟ್ಟರೆ ಅಕ್ಟೋಬರಿನಲ್ಲಿ ಮೊದಲಿನಿಂದ ಶುರು. ಹಾಗಾಗಿ ಮಳೆಗಾಲದ ರೂಪವನ್ನು ಮೇ ತಿಂಗಳಲ್ಲೇ ಯೋಚಿಸಿಡಿ. ಹೊತ್ತು ಅದೇ ಇರಲಿ, ಜಾಗ ಬದಲಾಗಲಿ. ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ಜಪಸರ ಹೇಳುತ್ತಾ ನಡೆಯಬಹುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ವಯಸ್ಸಾದವರ ತೊಡೆಗೆ ಬಹಳ ಒಳ್ಳೆಯದು. ಪಾಚಿ ಕಟ್ಟಿದ ಅಂಗಳಕ್ಕೆ ಮಾತ್ರ ಇಳಿಯಬೇಡಿ. ಆಗಸ್ಟಿನಲ್ಲಿ ಸೊಂಟ ಮುರಿದುಕೊಂಡವರನ್ನು ನಾನು ವಾರ್ಡಿನಲ್ಲಿ ಸಾಕಷ್ಟು ನೋಡಿದ್ದೇನೆ.

ಶುಗರ್ ಇದೆ. ಉಪವಾಸ ಮಾಡಬಹುದಾ?

ಮೊದಲು ಧರ್ಮಸಭೆಯ ನಿಯಮವೇ ಏನು ಹೇಳುತ್ತದೆ ನೋಡಿ. ಕಥೊಲಿಕರಿಗೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ: ಬೂದಿ ಬುಧವಾರ, ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ಊಟ ಮಾಡಬಹುದು. ಕಾಯಿಲೆಯವರಿಗೆ ಈ ಕಟ್ಟಿಲ್ಲ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಬಾರದು ನಿಜ, ಆದರೆ ನೀರು, ಔಷಧಿ ಅಡ್ಡಿಯಿಲ್ಲ. ವಯಸ್ಸಾದವರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ನಿಯಮವೂ ಇಲ್ಲ. ಬಿಪಿ ಮಾತ್ರೆ ನುಂಗದೆ ಪೂಜೆಗೆ ಬರುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ಸರ್ರನೆ ಇಳಿಯಬಹುದು. ಬೆವರು, ನಡುಕ, ವಿಪರೀತ ಹಸಿವು, ಮಾತು ತಡವರಿಸುವುದು ಅದರ ಗುರುತು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ತ್ಯಾಗ ಮಾಡಲೇಬೇಕೆಂದಿದ್ದರೆ ಊಟ ಬಿಡುವುದೊಂದೇ ದಾರಿಯಲ್ಲ. ಟಿವಿ ಧಾರಾವಾಹಿ ಬಿಡಿ, ಚಾಡಿ ಬಿಡಿ. ಹಾಗೆ ನೋಡಿದರೆ, ಶುಕ್ರವಾರ ಮಾಂಸ ಬಿಟ್ಟೆ ಎಂದು ದೊಡ್ಡ ಇಸ್ವಾಣ ಮೀನಿನ ತುಂಡು ರವೆ ಹಚ್ಚಿ ಹುರಿದು ತಿನ್ನುವುದರಲ್ಲಿ ತ್ಯಾಗ ಎಷ್ಟಿದೆಯೋ ನನಗಂತೂ ಗೊತ್ತಿಲ್ಲ.

ಡಾಕ್ಟರು ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ. ಒಣಮೀನಿಲ್ಲದೆ ಗಂಜಿ ಇಳಿಯುವುದಿಲ್ಲ.

ಇದು ನಮ್ಮ ಕಡೆಯ ನಿಜವಾದ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ಕಡಿಮೆ, ಇದ್ದರೂ ಬೆಂಕಿ ಬೆಲೆ. ಆಗ ಬೇಸಿಗೆಯಲ್ಲಿ ಒಣಗಿಸಿಟ್ಟ ಡಬ್ಬಿ ಹೊರಗೆ ಬರುತ್ತದೆ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ. ಬಿಪಿ ಮೇಜಿನಲ್ಲಿ ಜುಲೈ ತಿಂಗಳ ಅಂಕಿಗಳನ್ನು ನೋಡಿದರೇ ಗೊತ್ತಾಗುತ್ತದೆ, ಯಾರ ಮನೆಯಲ್ಲಿ ಡಬ್ಬಿ ಖಾಲಿಯಾಗುತ್ತಿದೆ ಎಂದು.

ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮಿತಿ. ಅಂದರೆ ಒಂದು ಟೀ ಚಮಚದಷ್ಟು, ಎಲ್ಲ ಸೇರಿ. ಒಮ್ಮೆ ಮಾಡಿ ನೋಡಿ: ಬೆಳಿಗ್ಗೆ ಮನೆಯಲ್ಲಿರುವ ಪ್ರತಿಯೊಬ್ಬರಿಗೆ ಒಂದು ಚಮಚದಂತೆ ಉಪ್ಪನ್ನು ಸಣ್ಣ ಬಟ್ಟಲಿಗೆ ಹಾಕಿಡಿ. ದಿನದ ಅಡುಗೆಗೆಲ್ಲ ಅದರಿಂದಲೇ ತೆಗೆಯಿರಿ. ಹೆಚ್ಚಿನ ಮನೆಗಳಲ್ಲಿ ಮಧ್ಯಾಹ್ನದ ಸಾರಿಗೇ ಬಟ್ಟಲು ತಳ ಕಾಣುತ್ತದೆ. ಉಪ್ಪಿನಕಾಯಿ, ಒಣಮೀನಿನ ಲೆಕ್ಕ ಇನ್ನೂ ಬಂದಿಲ್ಲ!

ಅಲ್ಲಿಂದ ಮೆಲ್ಲಗೆ ಇಳಿಯಿರಿ. ಒಣಮೀನನ್ನು ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಮಾಡಿ. ಮೇಲಿಂದ ಉಪ್ಪು ಹಾಕಬೇಡಿ. ದಿನಾ ತಿನ್ನುವವರು ದಿನ ಬಿಟ್ಟು ದಿನ ತಿನ್ನಿ. ಹುಳಿ ಇದ್ದರೆ ನಾಲಿಗೆಗೆ ಉಪ್ಪು ಅಷ್ಟಾಗಿ ಬೇಕೆನಿಸುವುದಿಲ್ಲ, ಮುರುಗಲು ನಮ್ಮಲ್ಲಿ ಬೇಕಾದಷ್ಟಿದೆ. ಶಿರಸಿ ಕಡೆಯವರು ಒಂದೆಲಗದ ತಂಬುಳಿ ಮಾಡುತ್ತಾರಲ್ಲ, ಅದನ್ನು ಉಪ್ಪು ಕಡಿಮೆ ಹಾಕಿ ಗಂಜಿಗೆ ನೆಂಚಿಕೊಂಡು ನೋಡಿ. ಕೆಲವು ವಾರ ಸಪ್ಪೆ ಅನಿಸುತ್ತದೆ. ಆಮೇಲೆ ಹೋಟೆಲಿನ ಸಾರೇ ಉಪ್ಪುಪ್ಪು ಅನಿಸಲು ಶುರುವಾಗುತ್ತದೆ. ಕಡಿಮೆ ಸೋಡಿಯಂ ಉಪ್ಪು ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಅಡುಗೆ ಮಾಡುವವರ ಕೈಯಲ್ಲಿ ಎಷ್ಟು ಅಧಿಕಾರ ಇದೆ ಎಂದು ನನಗೆ ಈ ಉಪ್ಪಿನ ವಿಷಯದಲ್ಲೇ ಅರ್ಥವಾದದ್ದು.

ಕ್ರಿಸ್ಮಸ್, ಮದುವೆ, ನಾಮಕರಣ. ಸಿಹಿ ಮತ್ತು ಕುಡಿತ ಬೇಡ ಅನ್ನುವುದು ಹೇಗೆ?

ಸಿಹಿಗೆ ಹೆದರಬೇಡಿ. ನೆವ್ರಿ, ದೋದೊಲ್ ಇಲ್ಲದ ಕ್ರಿಸ್ಮಸ್ ಯಾರಿಗೆ ಬೇಕು? ಹಬ್ಬ ಹಬ್ಬವಾಗಿರಲಿ. ತೊಂದರೆ ಬರುವುದು ಡಿಸೆಂಬರ್ 25ರಂದು ಅಲ್ಲ, ಡಬ್ಬಿಗಳು ಜನವರಿ ಕೊನೆಯವರೆಗೂ ಚಹಾದ ಜೊತೆ ತೆರೆಯುತ್ತಿರುತ್ತವಲ್ಲ, ಆಗ. ನೆರೆಮನೆಗೆ ಹಂಚುವ ಪದ್ಧತಿ ಇರುವುದೇ ಅದಕ್ಕೆ.

ಕುಡಿತದ ಮಾತು ಬೇರೆ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಅಗ್ಗ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದರಲ್ಲ ಎಂದು ನನಗೇ ಪಾಠ ಹೇಳುವವರಿದ್ದಾರೆ. ಹೌದು, ಮಾಡಿದರು. ಅದೇ ಬೈಬಲಿನ ಜ್ಞಾನೋಕ್ತಿ 23ನೇ ಅಧ್ಯಾಯದ ಕೊನೆಯನ್ನೂ ಓದಿ, ಕುಡುಕನ ಚಿತ್ರ ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. ಆರೋಗ್ಯಕ್ಕೆ ತೊಂದರೆಯೇ ಇಲ್ಲದ ಪ್ರಮಾಣ ಎಂಬುದು ಮದ್ಯಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆಗೊಮ್ಮೆ ಈಗೊಮ್ಮೆ ಕುಡಿಯುವವರು ಕಡಿಮೆ ಮಾಡುತ್ತ ಬರಬಹುದು. ದಿನಾ ಜಾಸ್ತಿ ಕುಡಿಯುವವರು ಮಾತ್ರ ಹಠದಿಂದ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಡಾಕ್ಟರ ಕಣ್ಣೆದುರೇ ಬಿಡಬೇಕು.

ಭಾನುವಾರ ವಿಶ್ರಾಂತಿ ಅನ್ನುತ್ತಾರೆ. ನನಗೆ ಅವತ್ತೇ ಜಾಸ್ತಿ ಕೆಲಸ.

ಈ ಪ್ರಶ್ನೆಯನ್ನು ಗಂಡಸರು ಒಬ್ಬರೂ ಕೇಳಿಲ್ಲ. ಪೂಜೆಯಿಂದ ಬಂದ ಕೂಡಲೇ ಕೋಳಿ, ಸಣ್ಣಕ್ಕಿ ಅನ್ನ, ಬಂದ ನೆಂಟರಿಗೆ ಚಹಾ. ಕರ್ತನ ದಿನದ ವಿಶ್ರಾಂತಿ ಮನೆಯಲ್ಲಿ ಒಬ್ಬರಿಗೆ ಸಿಗದಿದ್ದರೆ ಮನೆಗೆ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ತಿಂಗಳಿಗೊಂದು ಭಾನುವಾರ ಗಂಜಿ, ಚಟ್ನಿಗೆ ಇಳಿಯಿರಿ. ಪಾತ್ರೆ ಬೇರೆಯವರು ತೊಳೆಯಲಿ. ಅಲ್ಲಿಂದ ಬೆಳೆಸಿ.

ಯೋಗ ಮಾಡಬಹುದಾ?

ಫಾದರುಗಳಲ್ಲೇ ಒಮ್ಮತ ಇಲ್ಲ. ಬೆನ್ನು ಬಗ್ಗಿಸುವುದು, ಕೈಕಾಲು ಚಾಚುವುದು, ಉಸಿರು ನಿಧಾನಿಸುವುದು ದೇಹದ ಕೆಲಸ. ಮನಸ್ಸಿಗೆ ಕಸಿವಿಸಿ ಎನಿಸಿದರೆ ನಿಮ್ಮ ಗುರುಗಳನ್ನು ಕೇಳಿ, ಅಲ್ಲಿಯವರೆಗೆ ನಡೆಯಿರಿ.

ಪ್ರಾರ್ಥನೆಯಿಂದ ಗುಣವಾಯಿತು ಅನಿಸುತ್ತಿದೆ. ಮಾತ್ರೆ ನಿಲ್ಲಿಸಲಾ?

ಬೇಡ. ಬಿಪಿ ಸರಿಯಿರುವುದು ಮಾತ್ರೆಯಿಂದಲೂ ಇರಬಹುದು. ಗುಣವಾಗಿದ್ದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಡಾಕ್ಟರೇ ಕಡಿಮೆ ಮಾಡುತ್ತಾರೆ. ಹತ್ತು ಕುಷ್ಠರೋಗಿಗಳನ್ನು ಗುಣಪಡಿಸುವಾಗ ಯೇಸು, ಹೋಗಿ ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿ ಅಂದರು. ವಾಸಿಯಾಗಿದೆಯೋ ಇಲ್ಲವೋ ನೋಡಿ ಹೇಳುವ ಕೆಲಸ ಆ ಕಾಲದಲ್ಲಿ ಯಾಜಕರದ್ದು.

ಮನಸ್ಸಿನ ಕಾಯಿಲೆಗೂ ಇದೇ ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಸಾಯಬೇಕು ಅನಿಸುತ್ತಿದೆ ಎಂದಾದರೆ ಅದನ್ನು ನಂಬಿಕೆಯ ಕೊರತೆ ಎಂದು ಬೈಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಸರ್ಕಾರದ್ದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಫಾದರ್ ಹತ್ತಿರವೂ ಹೋಗಿ, ಡಾಕ್ಟರ ಹತ್ತಿರವೂ ಹೋಗಿ.

ನನ್ನ ಗಂಡ ಏನು ಹೇಳಿದರೂ ಕೇಳುವುದಿಲ್ಲ.

ಹೇಳುವುದನ್ನು ನಿಲ್ಲಿಸಿ, ಜೊತೆಗೆ ಕರೆಯಿರಿ. ಸಂಜೆ ಮೀನು ತರಲು ನಡೆದೇ ಹೋಗೋಣ ಬನ್ನಿ ಅಂದರೆ ಬಂದಾರು. ವಾಕಿಂಗ್ ಅಂದರೆ ಬರುವುದಿಲ್ಲ.

ನಮ್ಮ ಚರ್ಚಿನಲ್ಲೂ ಇಂಥ ಮೇಜು ಶುರು ಮಾಡಬೇಕು. ಏನೇನು ಬೇಕು?

ಫಾದರ್ ಒಪ್ಪಿಗೆ, ತೋಳಿಗೆ ಸುತ್ತುವ ಡಿಜಿಟಲ್ ಬಿಪಿ ಯಂತ್ರ, ಒಂದು ನೋಟ್‌ಬುಕ್. ಮಣಿಕಟ್ಟಿನ ಯಂತ್ರ ಬೇಡ, ಅಂಕಿ ನಂಬುವಂತಿರುವುದಿಲ್ಲ. ಪಟ್ಟಿ ಎರಡು ಅಳತೆಯಲ್ಲಿ ಇರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಶುಗರ್ ನೋಡುವುದಾದರೆ ನರ್ಸ್ ಅಥವಾ ಲ್ಯಾಬಿನವರು ಒಬ್ಬರು ಇರಲೇಬೇಕು, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ. ಊರಿನ ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, ದಾರಿ ಅವರಿಗೆ ಗೊತ್ತು.

ಚರ್ಚಿನ ಮೆಟ್ಟಿಲಿಳಿದು ಬಂದವರನ್ನು ಕೂಡಲೇ ನೋಡಬೇಡಿ. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು, ಪಾದ ನೆಲಕ್ಕೂರಿ ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ. ಚಹಾ ಕುಡಿದು ಅರ್ಧ ಗಂಟೆ ಆಗಿರಲಿ, ಆದ್ದರಿಂದ ಚಹಾದ ಪಾತ್ರೆ ನಿಮ್ಮ ಮೇಜಿನ ಆಚೆಗಿರಲಿ. ನೋಡುವಾಗ ಮಾತು ಬೇಡ, ನಮ್ಮ ಜನಕ್ಕೆ ಇದೇ ಎಲ್ಲಕ್ಕಿಂತ ಕಷ್ಟ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದುಕೊಳ್ಳಿ. 140/90 ಅಥವಾ ಜಾಸ್ತಿ ಮತ್ತೆ ಮತ್ತೆ ಬಂದರೆ ಡಾಕ್ಟರ ಹತ್ತಿರ ಕಳಿಸಿ. 180/120 ದಾಟಿ ಎದೆನೋವು, ಉಬ್ಬಸ, ಕೈಕಾಲು ಸೋಲುವುದು ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನೋಟ್‌ಬುಕ್ ಮಾತ್ರ ಮೇಜಿನ ಮೇಲೆ ತೆರೆದಿಡಬೇಡಿ. ಒಬ್ಬರ ಅಂಕಿ ಇನ್ನೊಬ್ಬರ ಬಾಯಿಗೆ ಬಿದ್ದರೆ ಮುಂದಿನ ತಿಂಗಳು ಯಾರೂ ಬರುವುದಿಲ್ಲ.